ಬೇಲಿಯಾಚೆಯ ಸಾರಮ್ಮ

ಗುಡ್ ಫ್ರೈಡೇ ಹತ್ತಿರ ಬಂತೆಂದರೆ ಆಗೆಲ್ಲ ನಮ್ಮ ಓಣಿಯ ಹೆಂಗಸರ ಅಂಗೈಗಳು ಸುಣ್ಣಕ್ಕೆ ಸುಟ್ಟು ಬಿರಿಯುತ್ತಿದ್ದವು. ಈಸ್ಟರಿನ ದಿನ ಸೂರ್ಯ ಹುಟ್ಟುವ ಮೊದಲು ನಮ್ಮ ಕ್ರೈಸ್ತ ಸಭೆಯವರೆಲ್ಲ ತಮ್ಮ ತಮ್ಮ ಹಿರಿಯರ ಗೋರಿಗಳ ಹತ್ತಿರ ನಿಂತು ಹಾಡಬೇಕು, ಅಷ್ಟೊತ್ತಿಗೆ ಗೋರಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿರಬೇಕು. ಇದು ನಮ್ಮ ಕಡೆಯ ಪದ್ಧತಿ. ಮಸ್ಕಿಯ ಸಂತೆಯಿಂದ ತಂದ ಸುಣ್ಣದ ಹರಳನ್ನು ಹಳೆಯ ಗಡಿಗೆಗೆ ಹಾಕಿ ನೀರು ಸುರಿದರೆ ಅದು ಕೊತಕೊತ ಕುದಿದು, ಮೂಗಿಗೆ ಅಡರುವ ಬಿಸಿ ವಾಸನೆ ಏಳುತ್ತಿತ್ತಲ್ಲ, ಅದರ ಜೊತೆಗೆ ಬೇವಿನ ಹೂವಿನ ಕಹಿಗಂಪು, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಪರೀಕ್ಷೆ ಮುಗಿದ ಖುಷಿ. ಇಂಥ ಬೇಸಿಗೆಯನ್ನು ನೀವೂ ಕಂಡವರಾದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಣದವರು ಕೇಳಿ.

ನಮ್ಮೂರು ಸಂತೆಕಲ್ಲೂರಿಗೂ ಮಸ್ಕಿಗೂ ನಡುವೆ, ಜೋಳ ಕಡಲೆ ಬೆಳೆಯುವ ಎರೆಮಣ್ಣಿನ ಸೀಮೆಯಲ್ಲಿದೆ. ಊರಿನ ತುದಿಗೆ ನಮ್ಮ ಓಣಿ, ಓಣಿಯ ತುದಿಗೆ ತಗಡು ಹೊದಿಸಿದ ಪುಟ್ಟ ದೇವಾಲಯ. ಊರವರೆಲ್ಲ ಅದನ್ನು ಯೇಸಪ್ಪನ ಗುಡಿ ಎನ್ನುತ್ತಿದ್ದರು. ಮಸ್ಕಿಯಿಂದ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಮೋಟರ್ ಸೈಕಲ್ಲಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಅವರು ಬಾರದ ಭಾನುವಾರಗಳಲ್ಲಿ ಸಭೆಯ ಹಿರಿಯ ಯೋಹಾನಪ್ಪನದೇ ಕಾರುಬಾರು. ಯೋಹಾನಪ್ಪ ಕೆಟ್ಟವನಲ್ಲ, ಆದರೆ ರೂಲು ಎಂದರೆ ರೂಲು. ಹಾಡುವಾಗ ಕೆಮ್ಮಿದರೂ ತಿರುಗಿ ನೋಡುವ ಮನುಷ್ಯ.

ನಮ್ಮಪ್ಪ ದೇವಪುತ್ರ ಷೇರ್ ಆಟೋ ಓಡಿಸುತ್ತಿದ್ದ. ಹೆಸರಿನಲ್ಲಿ ದೇವರನ್ನು ಇಟ್ಟುಕೊಂಡವನು ಗುಡಿಯ ಹೊಸ್ತಿಲು ಮಾತ್ರ ಮೆಟ್ಟುತ್ತಿರಲಿಲ್ಲ. ಭಾನುವಾರ ಗುಡಿಯ ಗಂಟೆ ಬಾರಿಸಿದರೆ ಸಾಕು, ಬೇಕೆಂದೇ ಆಟೋದೊಳಗಿನ ಹಾಡಿನ ಸೌಂಡು ಏರಿಸುತ್ತಿದ್ದ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಅಜ್ಜಿ ಮೀನು ಮಾಂಸ ಮುಟ್ಟುತ್ತಿರಲಿಲ್ಲ. ಅಪ್ಪ ಅದೇ ದಿನಗಳನ್ನು ನೋಡಿ, ಸಿಂಧನೂರಿಗೆ ಬಾಡಿಗೆ ಹೋದಾಗ ನಿರಾಶ್ರಿತರಾಗಿ ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿಗಳ ಹತ್ತಿರ ಕೆರೆಮೀನು ತಂದು ಒಲೆಯ ಪಕ್ಕ ಇಡುತ್ತಿದ್ದ.

"ಸೈತಾನ ಬಂದ ನೋಡು, ಮೀನಿನ ರೂಪದಾಗ" ಎಂದು ಅಜ್ಜಿ ಮುಖ ತಿರುಗಿಸುತ್ತಿದ್ದಳು.

"ಸೈತಾನ ಅಲ್ಲಬೇ, ರೋಹು" ಎನ್ನುತ್ತಿದ್ದ ಅಪ್ಪ.

ಅವ್ವ ಇಬ್ಬರ ನಡುವೆ ಸಿಕ್ಕಿ, ಒಂದು ಒಲೆಯಲ್ಲಿ ಮೀನಿನ ಸಾರು, ಇನ್ನೊಂದರಲ್ಲಿ ಪುಂಡಿಪಲ್ಯ ಮಾಡುತ್ತಿದ್ದಳು. ನಾನು ಅಪ್ಪನ ಜೊತೆ ಮೀನು ತಿಂದು, ಅಜ್ಜಿಯ ಜೊತೆ ರೊಟ್ಟಿ ಪುಂಡಿಪಲ್ಯ ತಿಂದು, ಇಬ್ಬರ ಕಡೆಯೂ ಇರುತ್ತಿದ್ದೆ.

ಅಪ್ಪನ ಸಿಟ್ಟಿಗೆ ಕಾರಣವಿತ್ತು. ನಮ್ಮ ತಾತ, ಅಪ್ಪನ ಅಪ್ಪ, ಹಲಗೆ ಬಾರಿಸುವುದರಲ್ಲಿ ಎತ್ತಿದ ಕೈ. ಕ್ರಿಸ್‌ಮಸ್ಸಿಗೂ ಬಾರಿಸುತ್ತಿದ್ದ, ಮದುವೆಗೂ ಬಾರಿಸುತ್ತಿದ್ದ, ಕೊನೆಕೊನೆಗೆ ಊರ ದೇವಿಯ ಮೆರವಣಿಗೆಗೆ ಕರೆದರೂ ಹೋಗಿ ಬಾರಿಸಿ ಬರುತ್ತಿದ್ದ. "ಹಲಗಿ ಸಪ್ಪಳ ಕೇಳಿದ್ರ ಕೈ ಸುಮ್ನಿರಂಗಿಲ್ಲಪಾ, ನಾ ಏನ್ ಮಾಡ್ಲಿ" ಎಂದು ನಗುತ್ತಿದ್ದನಂತೆ. ಸಭೆಯ ಹಿರಿಯರು ಕರೆದು ಬುದ್ಧಿ ಹೇಳಿದರು. ತಾತ ಕೇಳಲಿಲ್ಲ. ಅವನನ್ನು ಸಭೆಯಿಂದ ಹೊರಗಿಟ್ಟರು. ಅದೇ ವರ್ಷ ತಾತ ತೀರಿಕೊಂಡ. ಹೆಣ ಹೊತ್ತು ತಂದಾಗ ಯೋಹಾನಪ್ಪ ಗೋರಿಗಳ ಬೇಲಿಯ ಬಾಗಿಲಲ್ಲಿ ನಿಂತು, ಸಭೆಗೆ ಸೇರದವನಿಗೆ ಒಳಗೆ ಜಾಗವಿಲ್ಲ ಎಂದುಬಿಟ್ಟ. ಬೇಲಿಯ ಆಚೆ, ಜಾಲಿಮುಳ್ಳಿನ ಮೆಳೆಯ ಪಕ್ಕದಲ್ಲಿ ತಾತನನ್ನು ಮಣ್ಣು ಮಾಡಿದರು.

ಆ ತಾತ ಎಂಥವನೆಂದರೆ, ಎರಡು ವರ್ಷದ ಕೂಸಿದ್ದಾಗಲೇ ಅವ್ವನನ್ನು ಕಳೆದುಕೊಂಡವನು. ಲಿಂಗಸುಗೂರಿನ ಕಡೆ ಸೋದರತ್ತೆಯ ಮನೆಯಲ್ಲಿ ಬೆಳೆದು, ಮೀಸೆ ಬಂದ ಮೇಲೆ ಊರಿಗೆ ಮರಳಿದವನು. "ಹುಟ್ಟಿದಾಗಿಂದ ನಮ್ಮಪ್ಪಗ ಮಂದಿ ಜೋಡಿ ಇರಲಿಲ್ಲ, ಸತ್ತ ಮ್ಯಾಲೂ ಒಬ್ಬನ್ನೇ ಒಗದ್ರು" ಎಂಬುದು ಅಪ್ಪನ ಎದೆಯೊಳಗಿನ ಮುಳ್ಳು. ಆಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ. ಅಪ್ಪ ಅವತ್ತೇ ಬೇಲಿಯ ಬಾಗಿಲಲ್ಲಿ ನಿಂತು, ಇನ್ನು ಮೇಲೆ ನಮ್ಮ ಮನೆಯಿಂದ ಯಾರೂ ಗುಡಿಗೆ ಬರುವುದಿಲ್ಲ ಎಂದು ಕೂಗಿ ಹೇಳಿದ. ಅಜ್ಜಿ ಮಾತ್ರ ಯಾರ ಮಾತೂ ಕೇಳುವವಳಲ್ಲ, ಸೆರಗು ಹೊದ್ದು ಹೋಗುತ್ತಲೇ ಇದ್ದಳು. ನನಗೆ ಮಾತ್ರ ದೀಕ್ಷಾಸ್ನಾನವಾಗಲಿಲ್ಲ. ನಮ್ಮ ಕಡೆ ಅದಕ್ಕೆ ನೀರು ಹಾಕಿಸುವುದು ಎನ್ನುತ್ತಾರೆ. ನೀರು ಹಾಕಿಸಿದ ಮೇಲೆಯೇ ಮಗುವಿಗೆ ಸಭೆಯ ಹೆಸರು. ಹತ್ತು ವರ್ಷವಾದರೂ ನಾನು ಮನೆಯಲ್ಲಿ ಚಿನ್ನಿ, ಶಾಲೆಯಲ್ಲೂ ಚಿನ್ನಿ, ಎಲ್ಲೆಲ್ಲೂ ಚಿನ್ನಿ.

ದೊಡ್ಡವರಿಗೆ ಇದು ಮಾನದ ಮಾತು. ನನಗೆ ಇದು ಆಟದ ಮಾತು, ಅದಕ್ಕೇ ಹೆಚ್ಚು ಕಷ್ಟ. ರಜೆಯಲ್ಲಿ ನಮ್ಮ ಓಣಿಯ ಹುಡುಗಿಯರು ಕುಂಟಬಿಲ್ಲೆ ಆಡಿ ಬೇಸರವಾದರೆ ನೀರು ಹಾಕಿಸುವ ಆಟ ಆಡುತ್ತಿದ್ದೆವು. ಒಬ್ಬಳು ಅಯ್ಯನವರು, ಇಬ್ಬರು ತಂದೆತಾಯಿ, ದನ ನೀರು ಕುಡಿಯುವ ಕಲ್ಲಿನ ದೋಣಿಯೇ ತೊಟ್ಟಿ. ಯೋಹಾನಪ್ಪನ ಮೊಮ್ಮಗಳು ಗ್ರೇಸಿಯೇ ಯಾವಾಗಲೂ ಅಯ್ಯನವರು. ಗೊಂಬೆ ಇಲ್ಲದ್ದರಿಂದ ಯಾರದೋ ಆಡಿನ ಮರಿಯನ್ನು ಹಿಡಿದು ತಂದು, ಅದಕ್ಕೆ ಹೆಸರಿಟ್ಟು ನೆತ್ತಿಗೆ ನೀರು ಸುರಿಯುತ್ತಿದ್ದರು. ಒಂದು ದಿನ ನಾನೂ ಅಯ್ಯನವರಾಗುತ್ತೇನೆ ಎಂದೆ.

"ನಿನಗಿನ್ನಾ ನೀರೇ ಹಾಕಿಲ್ಲ, ನೀ ಹ್ಯಾಂಗ ಅಯ್ಯನವರ ಆಗ್ತಿ?" ಎಂದಳು ಗ್ರೇಸಿ. "ಬೇಕಂದ್ರ ಆಡು ಆಗು."

ಅವಳ ಜುಟ್ಟು ನನ್ನ ಕೈಗೆ ಬಂತು, ನನ್ನ ಲಂಗದ ದಾರ ಅವಳ ಕೈಗೆ ಹೋಯಿತು. ಆಡಿನ ಮರಿ ಈ ಗದ್ದಲದಲ್ಲಿ ತಪ್ಪಿಸಿಕೊಂಡಿತು. ಮನೆಗೆ ಬಂದು ಅಳುತ್ತ, ನನಗೆ ನೀರು ಹಾಕಿಸಲೇಬೇಕು, ಸ್ಟೆಲ್ಲಾ ಅಂತ ಹೆಸರಿಡಲೇಬೇಕು ಎಂದು ಹಟ ಹಿಡಿದೆ. ಸ್ಟೆಲ್ಲಾ ಎಂಬುದು ಮಸ್ಕಿಯ ಆಸ್ಪತ್ರೆಯಲ್ಲಿದ್ದ ನರ್ಸಮ್ಮನ ಹೆಸರು. ಅದಕ್ಕಿಂತ ಚೆಂದದ ಹೆಸರು ಲೋಕದಲ್ಲಿಲ್ಲವೆಂದು ನಾನು ತಿಳಿದಿದ್ದೆ.

ಅಜ್ಜಿ ಇದೇ ಸಮಯ ನೋಡಿ ಅಪ್ಪನ ಮುಂದೆ ಕುಳಿತಳು. "ಕೂಸು ಏನ್ ತಪ್ಪ ಮಾಡೇತಿ? ಈ ಈಸ್ಟರಿಗೆ ಹಾಕ್ಸಿಬಿಡು. ನಾ ಕಣ್ಣು ಮುಚ್ಚೂದ್ರಾಗ ನೋಡ್ತೀನಿ."

ಅಪ್ಪ ಆಟೋದ ಕನ್ನಡಿ ಒರೆಸುತ್ತಿದ್ದವನು ಅರಿವೆ ಕೆಳಗಿಟ್ಟ. "ನಮ್ಮಪ್ಪನ್ನ ಬೇಲಿ ಒಳಗ ತಗೊಳ್ಳಾಕ ಹೇಳು. ಅವತ್ತ ನನ್ನ ಮಗಳಿಗೆ ನೀರು ಹಾಕ್ಸತೀನಿ, ನಾನೂ ಬರ್ತೀನಿ. ಇಲ್ಲಾಂದ್ರ ಈ ಮಾತ ಇಲ್ಲಿಗೇ ಬಿಡು."

ಸತ್ತವನನ್ನು ಎತ್ತಿ ಒಳಗೆ ತರುವುದುಂಟೇ? ಆಗದ ಮಾತು ಎಂದು ಗೊತ್ತಿದ್ದೇ ಅಪ್ಪ ಆ ಮಾತಾಡಿದ್ದ. ಅಜ್ಜಿ ಎದ್ದು ಒಳಗೆ ಹೋದಳು. ನಾನು ಆಡಿನ ಲೆಕ್ಕದಲ್ಲೇ ಉಳಿದೆ.

ಈಸ್ಟರಿಗೆ ಮುಂಚಿನ ಗುರುವಾರ ಅಜ್ಜಿಯ ಜೊತೆ ಸುಣ್ಣದ ಗಡಿಗೆ ಹಿಡಿದು ಗೋರಿಗಳ ಕಡೆ ಹೊರಟೆ. ನಮ್ಮ ಮನೆತನಕ್ಕೆ ಅಲ್ಲಿ ಒಂದು ಹೆಮ್ಮೆಯ ಗೋರಿಯಿತ್ತು. ತಾತನ ಅವ್ವ, ನನ್ನ ಮುತ್ತಜ್ಜಿ ಸಾರಮ್ಮ, ನಮ್ಮೂರಲ್ಲಿ ಯೇಸುವನ್ನು ನಂಬಿದ ಮೊದಲನೆಯವಳು. ನಟ್ಟನಡುವೆ ಇರುವ ಎಲ್ಲಕ್ಕಿಂತ ದೊಡ್ಡ ಗೋರಿ ಅವಳದೇ ಎಂದು ಸಭೆಯವರೆಲ್ಲ ಹೇಳುತ್ತಿದ್ದರು. ನಮ್ಮ ಗೋರಿಗಳ ಮೇಲೆ ಹೆಸರು ಬರೆಸುವ ರೂಢಿಯೇ ಇರಲಿಲ್ಲ. ಮಣ್ಣು ಕಲ್ಲಿನ ದಿಬ್ಬ, ಮೇಲೆ ಸುಣ್ಣ, ಅಷ್ಟೇ. ಅಜ್ಜಿ ಮದುವೆಯಾಗಿ ಬಂದ ವರ್ಷದಿಂದ ಆ ದೊಡ್ಡ ಗೋರಿಗೆ ಸುಣ್ಣ ಬಳಿದು, ಹೂ ಹಾಕಿ, ಕಾಣದ ಅತ್ತೆಯ ಹತ್ತಿರ ತನ್ನ ಕಷ್ಟಸುಖ ಹೇಳಿಕೊಂಡು ಬರುತ್ತಿದ್ದಳು. ಬೇಲಿಯಾಚೆಯ ತಾತನ ಗೋರಿಗೆ ಕೊನೆಯಲ್ಲಿ, ಯಾರೂ ನೋಡದ ಹಾಗೆ ಎರಡು ಕೈ ಸುಣ್ಣ.

ಸುಣ್ಣಕ್ಕೆ ನೀರು ಸಾಲದಾಗಿ ಪಕ್ಕದ ಗೌಡರ ಹೊಲದ ಬೋರಿಗೆ ಹೋದೆವು. ಅಲ್ಲಿ ಬೇವಿನ ಮರದ ನೆರಳಲ್ಲಿ ಗೌಡರ ಮನೆಯ ನೀಲಮ್ಮಾರು ಕಡಲೆ ಹಸನು ಮಾಡುತ್ತ ಕುಳಿತಿದ್ದರು. ಹಣ್ಣು ಹಣ್ಣು ಮುದುಕಿ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಬಹಳ ವರ್ಷ ಲಿಂಗಸುಗೂರಿನ ಮಗಳ ಮನೆಯಲ್ಲಿದ್ದು ಆ ಸುಗ್ಗಿಗೆ ಊರಿಗೆ ಬಂದಿದ್ದರು.

"ಯಾರ ಗೋರಿಗೆ ಬೇ ಸುಣ್ಣ?" ಎಂದು ಕೇಳಿದರು.

"ನಮ್ಮತ್ತಿದುರೀ ಅವ್ವಾರ. ಸಾರಮ್ಮಂದು" ಎಂದಳು ಅಜ್ಜಿ.

"ಸಾರಮ್ಮಂದಾ? ಮತ್ತ ಅಲ್ಲಿ ಹೋಗಿ ಯಾಕ ಬಳಿಯಾಕತ್ತಿದ್ದಿ?"

ಅಜ್ಜಿ ನಕ್ಕಳು. "ಅಲ್ಲೇ ಐತಲ್ರೀ, ನಡುವಿನ ದೊಡ್ಡ ಗೋರಿ."

"ಅಯ್ಯ ನನ್ನವ್ವ!" ನೀಲಮ್ಮಾರು ಮೊರ ಕೆಳಗಿಟ್ಟರು. "ಅದು ನಮ್ಮ ಗಾಡಿ ಹೊಡಿಯೋ ಫಕೀರಪ್ಪಂದು. ಆಮ್ಯಾಲ ನಿಮ್ಮ ಸಭಿಗೆ ಸೇರಿದ್ದ. ಅಂಥಾ ಎತ್ತರದ ಆಳು ಈ ಸೀಮ್ಯಾಗ ಇದ್ದಿಲ್ಲ, ಕುಣಿ ತೋಡವರು ಕಾಲು ಮಡಚಿ ಮಲಗಸ್ರಿ ಅಂದಿದ್ರು. ಅದಕ್ಕ ಗೋರಿ ದೊಡ್ಡದು."

ಅಜ್ಜಿಯ ಬಾಯಿ ತೆರೆದದ್ದು ತೆರೆದೇ ಇತ್ತು. "ಫಕೀರಪ್ಪ ಅಂದ್ರ... ಅವ ಕುಡೀತಿದ್ನಂತಲ್ರೀ?"

"ಕುಡಿಯೋದಾ! ಅವ ಎತ್ತು ಹೊಡಕೊಂಡು ಬಂದದ್ದು ಯಾವಾಗ? ಎತ್ತುಗಳೇ ಅವನ್ನ ಮನೀಗೆ ತಂದು ಬಿಡ್ತಿದ್ವು."

ಇಷ್ಟು ವರ್ಷ ತನ್ನ ಸಂಸಾರದ ಗುಟ್ಟನ್ನೆಲ್ಲ ಒಬ್ಬ ಕುಡುಕ ಗಾಡಿಯವನ ತಲೆಯ ಹತ್ತಿರ ಕುಳಿತು ಹೇಳಿದ್ದೇನೆ ಎಂದು ಅರ್ಥವಾದಾಗ ಅಜ್ಜಿಯ ಮುಖ ನೋಡಬೇಕಿತ್ತು. ನನಗೆ ನಗು ತಡೆಯಲಾಗದೆ ಕೊಡದ ಹಿಂದೆ ಮುಖ ಮುಚ್ಚಿಕೊಂಡೆ. ನೀಲಮ್ಮಾರು ಮಾತ್ರ ನಗಲಿಲ್ಲ. ಸಾರಮ್ಮನ ಹೆಸರು ತೆಗೆದದ್ದೇ ಅವರ ಕಣ್ಣು ತುಂಬಿದ್ದವು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಾರಮ್ಮ ಊರ ಸೂಲಗಿತ್ತಿ. ಅವಳು ಯೇಸುವಿನ ಹಾದಿ ಹಿಡಿದಾಗ ಊರವರು ಅವಳನ್ನು ಹೆರಿಗೆಗೆ ಕರೆಯುವುದು ಬಿಟ್ಟರು. ದೇವಿ ಮುನಿಯುತ್ತಾಳೆ ಎಂಬ ಭಯ. ಅವಳ ಒಲೆ ಎಷ್ಟೋ ದಿನ ಹೊತ್ತಲಿಲ್ಲ. ಅಂಥ ದಿನಗಳಲ್ಲೇ ನೀಲಮ್ಮಾರ ತಾಯಿಗೆ ಹೆರಿಗೆ ನೋವು ಶುರುವಾಗಿ, ಕೂಸು ಅಡ್ಡಬಿತ್ತು. ಬೇರೆ ಸೂಲಗಿತ್ತಿಯರು ಕೈಚೆಲ್ಲಿದರು. ಕೊನೆಗೆ ಗೌಡರ ಮನೆಯಿಂದ ಆಳು ಹೋಗಿ, ದೇವಿಯ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡು ಬಂದರೆ ಒಳಗೆ ಬಿಡುತ್ತೇವೆ ಎಂದ. ಸಾರಮ್ಮ ಅಂಗಳದವರೆಗೆ ಬಂದು ನಿಂತಳು.

"ಆಕಿ ಏನಂದಳು ಗೊತ್ತೇನು?" ಎಂದರು ನೀಲಮ್ಮಾರು. "ನಾ ಇದ್ದಾಂಗ ಬಿಟ್ರ ಬರ್ತೀನಿ. ಇಲ್ಲಾಂದ್ರ ಇಲ್ಲೇ ಅಂಗಳದಾಗ ಕುಂತು ಪ್ರಾರ್ಥನಿ ಮಾಡ್ತೀನಿ, ಹೋಗು ಅಂದ್ರೂ ಹೋಗಾಂಗಿಲ್ಲ ಅಂದಳಂತ. ನಮ್ಮಜ್ಜಿ ಒಳಗಿಂದ ಕೂಗಿ, ಬಾರವ್ವ, ಹ್ಯಾಂಗಿದ್ದೀ ಹಾಂಗೇ ಬಾ ಅಂದಳು. ಆ ಕೂಸು ನಾನೇ. ನಾ ಇವತ್ತ ಕಡ್ಲಿ ಹಸನು ಮಾಡಾಕತ್ತೀನಂದ್ರ ಅದು ಸಾರಮ್ಮನ ಕೈ."

ಸಾರಮ್ಮ ಜ್ವರ ಬಂದು ಸತ್ತಾಗ ನೀಲಮ್ಮಾರು ಸಣ್ಣ ಹುಡುಗಿ. ಮತ ಬಿಟ್ಟವಳೆಂದು ಊರ ಸುಡುಗಾಡಿನಲ್ಲಿ ಜಾಗ ಸಿಗಲಿಲ್ಲ. ಆಗ ಗೌಡರ ಮನೆಯವರೇ ತಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡಿಸಿದರು. ತಲೆಗೆ ಇಡಲು ಕಲ್ಲಿಲ್ಲದೆ, ನೀಲಮ್ಮಾರ ತಾಯಿ ಅಳುತ್ತ ತಾವು ಬೀಸುವ ಕಲ್ಲಿನ ಮೇಲಿನ ಅರ್ಧ ತಂದು ಇಟ್ಟರು. ಆಮೇಲೆ ಸಾರಮ್ಮನ ದಾರಿಯಲ್ಲಿ ನಡೆದವರು ಹೆಚ್ಚಾದಂತೆ, ಅವಳಿದ್ದ ಆ ಹೊಲವನ್ನೇ ಗೌಡರು ಗೋರಿಗಳಿಗೆಂದು ಬಿಟ್ಟುಕೊಟ್ಟರು.

"ಎಲ್ಲಿರೀ ಅವ್ವಾರ ಮತ್ತ, ನಮ್ಮತ್ತಿ ಗೋರಿ?" ಎಂದಳು ಅಜ್ಜಿ.

ನೀಲಮ್ಮಾರು ಕೋಲು ಎತ್ತಿ ತೋರಿಸಿದರು. ಬೇಲಿಯ ಆಚೆಯ ಜಾಲಿಯ ಮೆಳೆ. "ಅಗೋ, ಆ ಮುಳ್ಳಿನ ಒಳಗ. ಬಾಜೂಕ ಯಾರ್ದೋ ಒಂಟಿ ಗೋರಿ ಕಾಣತೈತಲ್ಲ, ಅದಕ್ಕ ಹತ್ತಿ."

"ಅದು ನಮ್ಮ ಮನಿಯವರ್ದುರೀ. ಸಾರಮ್ಮನ ಮಗಂದು" ಎಂದು ಅಜ್ಜಿ ಅಲ್ಲೇ ಕಡಲೆಯ ರಾಶಿಯ ಪಕ್ಕ ಕುಸಿದು ಕುಳಿತಳು.

ಇದು ಹೇಗಾಯಿತೆಂದರೆ, ನಮ್ಮವರ ಸೋಮಾರಿತನದಿಂದ. ವರ್ಷಕ್ಕೊಮ್ಮೆ ಈಸ್ಟರಿನ ಹಿಂದಿನ ದಿನ ಗಂಡಸರು ಹೊಸ ಮುಳ್ಳು ಕಡಿದು ಬೇಲಿ ಹಾಕುತ್ತಿದ್ದರು. ಹಳೆಯ ಬೇಲಿಯ ಮುಳ್ಳಿನಲ್ಲಿ ಜಾಲಿ ಚಿಗುರಿ ಮೆಳೆಯಾಗಿರುತ್ತಿತ್ತು. ಅದನ್ನು ಕೀಳುವವರು ಯಾರು? ಅದರ ಒಳಮಗ್ಗುಲಿಗೇ ಹೊಸ ಬೇಲಿ ಹಾಕಿ ಮನೆಗೆ ಹೋಗುತ್ತಿದ್ದರು. ಹೀಗೆ ವರ್ಷ ವರ್ಷ ಬೇಲಿ ಒಳಗೆ ಒಳಗೆ ಸರಿದು, ಆ ಜಾಗ ಯಾರಿಂದ ಬಂತೋ ಅವಳೇ ಹೊರಗುಳಿದಿದ್ದಳು.

ಅಪ್ಪನ ಎದುರು ಆ ಒಂಟಿ ಗೋರಿಯ ಮಾತೆತ್ತುವ ಧೈರ್ಯ ಅಜ್ಜಿಗಿರಲಿಲ್ಲ. ನನಗಿತ್ತು. ಮರುದಿನ ಗುಡ್ ಫ್ರೈಡೇ. ಓಣಿಯವರೆಲ್ಲ ಬಿಳಿಬಟ್ಟೆ ಉಟ್ಟು ಗುಡಿಗೆ ಹೊರಟಿದ್ದರೆ ಅಪ್ಪ ಬೇಕೆಂದೇ ಖಾಕಿ ಅಂಗಿ ತೊಟ್ಟು ಆಟೋ ತೆಗೆದ. ಡೀಸೆಲ್ ಹಾಕಿಸಲು ಮಸ್ಕಿಗೆ ಹೋಗುವವನ ಪಕ್ಕ ನಾನೂ ಹತ್ತಿ ಕುಳಿತೆ. ಊರು ದಾಟಿದ ಮೇಲೆ ಹೇಳಿದೆ.

"ಅಪ್ಪಾ, ತಾತ ಒಬ್ಬನೇ ಇಲ್ಲಂತ. ಅವರವ್ವ ಬಾಜೂಕೇ ಅದಾಳಂತ."

ಅಪ್ಪ ಆಟೋ ನಿಲ್ಲಿಸಿದ. ನಾನು ಎಲ್ಲವನ್ನೂ ಹೇಳಿದೆ, ಫಕೀರಪ್ಪನನ್ನೂ ಬಿಡದೆ. ಅಪ್ಪ ನಗಲಿಲ್ಲ. ಹಾಡು ಬಂದ್ ಮಾಡಿ, ಆಟೋ ತಿರುಗಿಸಿ ನೇರ ಗೌಡರ ಮನೆಯ ಮುಂದೆ ನಿಲ್ಲಿಸಿದ. ಕಟ್ಟೆಯ ಮೇಲೆ ಕುಳಿತಿದ್ದ ನೀಲಮ್ಮಾರ ಬಾಯಿಂದ ಮತ್ತೊಮ್ಮೆ ಕೇಳಿ, ಒಂದೇ ಮಾತು ಕೇಳಿದ.

"ಖರೇನ್ರೀ ಅವ್ವಾ?"

ನೀಲಮ್ಮಾರು ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದರು. "ಈ ಲಿಂಗದ ಮ್ಯಾಲ ಕೈ ಇಟ್ಟು ಹೇಳ್ತೀನಪಾ. ಆಕಿ ಅಲ್ಲೇ ಅದಾಳ."

ಮಧ್ಯಾಹ್ನದ ಉರಿಬಿಸಿಲಲ್ಲಿ ಗುಡಿಯೊಳಗೆ ಶಿಲುಬೆಯ ಧ್ಯಾನ ನಡೆದಿತ್ತು. ಅಪ್ಪ ನನ್ನನ್ನು ಓಣಿಯಲ್ಲಿ ಇಳಿಸಿ ಹೋದ ಮೇಲೆ, ಅವನ ಮಾತು ಮೀರಿ ನಾನೂ ಬಂದು ಅಜ್ಜಿಯ ಪಕ್ಕ ಚಾಪೆಯ ಮೇಲೆ ಕುಳಿತಿದ್ದೆ. ಯೋಹಾನಪ್ಪ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿರುವಾಗ ಗೋರಿಗಳ ಕಡೆಯಿಂದ ಕೊಡಲಿಯ ಸಪ್ಪಳ ಕೇಳಿಬರತೊಡಗಿತು. ಟಕ್, ಟಕ್. ಯೋಹಾನಪ್ಪ ದನಿ ಏರಿಸಿದ. ಕೊಡಲಿಯೂ ದನಿ ಏರಿಸಿತು. ಆರಾಧನೆ ಮುಗಿದದ್ದೇ ಸಭೆಯೆಲ್ಲ ಆ ಕಡೆ ಧಾವಿಸಿತು, ಮುಂದೆ ಯೋಹಾನಪ್ಪ, ಹಿಂದೆ ಅಯ್ಯನವರು.

ಅಪ್ಪ ಮೆಳೆಯ ಅರ್ಧ ಕಡಿದಿದ್ದ. ಅಂಗಿ ಹರಿದು, ಕೈ ಹಣೆಯೆಲ್ಲ ಮುಳ್ಳು ಗೀರಿ ರಕ್ತ ಸುರಿಯುತ್ತಿತ್ತು. ಸಪ್ಪಳ ಕೇಳಿ ಮನೆಯಿಂದ ಬಂದಿದ್ದ ಅವ್ವ ಚೀರಿ ಓಡಿಹೋಗಿ ಸೆರಗಿನಿಂದ ಒರೆಸಲು ನೋಡಿದಳು, ಅಪ್ಪ ಬಿಡಲಿಲ್ಲ.

"ಇವತ್ತ ಎಂಥಾ ದಿನ ಐತಿ, ಕೊಡ್ಲಿ ಹಿಡಿಯೋ ದಿನಾ ಏನಲೇ ಇದು?" ಎಂದು ಯೋಹಾನಪ್ಪ ಗದರಿದ.

"ನಮ್ಮಜ್ಜಿನ್ನ ಹುಡುಕಾಕತ್ತೀನಿ."

"ನಿಮ್ಮಜ್ಜಿ ಗೋರಿ ನಡುವ ಐತಿ. ಊರಿಗೇ ಗೊತ್ತು."

"ಅದು ಫಕೀರಪ್ಪಂದು!" ಎಂದು ಅಜ್ಜಿ ಕಿರುಚಿದಳು. ಅಷ್ಟು ದುಃಖದ ದಿನವೂ ಹಿಂದೆ ಯಾರೋ ಕಿಸಕ್ಕೆಂದರು.

ಅಪ್ಪ ಮತ್ತೆ ಬಗ್ಗಿದ. ಯಾರೂ ಕೈ ಹಚ್ಚಲಿಲ್ಲ. ಆಗ ಅಯ್ಯನವರು, ಇನ್ನೂ ಹುಡುಗರಂತಿದ್ದ ಅವರು, ತಮ್ಮ ಬಿಳಿ ನಿಲುವಂಗಿಯನ್ನು ಮೇಲೆ ಕಟ್ಟಿಕೊಂಡು ಕಡಿದ ಮುಳ್ಳನ್ನು ಎಳೆದು ಹಾಕತೊಡಗಿದರು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬುಡದ ಮಣ್ಣು ಸರಿಸಿದಾಗ ಕಲ್ಲು ಕಂಡಿತು. ದುಂಡನೆಯ ಕಲ್ಲು, ನಡುವೆ ತೂತು, ತೂತಿನ ಪಕ್ಕ ಯಾರೋ ಉಳಿಯಿಂದ ಕೊರೆದ ಒಂದು ಸೊಟ್ಟ ಶಿಲುಬೆ. ಅದರಿಂದ ತಾತನ ಗೋರಿಗೆ ಒಂದು ಮೊಳವೂ ಇರಲಿಲ್ಲ.

ಅಷ್ಟರಲ್ಲಿ ನೀಲಮ್ಮಾರು ಕೋಲೂರಿಕೊಂಡು ಬಂದರು. ಕಲ್ಲಿನ ಪಕ್ಕ ಕುಳಿತು ತೂತಿನ ಅಂಚನ್ನು ಬೆರಳಿಂದ ಸವರಿದರು. "ನಮ್ಮವ್ವನ ಬೀಸೋ ಕಲ್ಲು. ಕೆಳಗಿಂದು ಇನ್ನಾ ನಮ್ಮ ಹಿತ್ತಲದಾಗ ಬಿದ್ದೈತಿ" ಎಂದರು. ಆಮೇಲೆ ತಲೆ ಎತ್ತಿ ಯೋಹಾನಪ್ಪನನ್ನು ನೋಡಿದರು. "ನಿಮ್ಮಪ್ಪನ ಹೆರಿಗಿ ಮಾಡ್ಸಿದಾಕೀನೂ ಈಕೀನೇ ಬರೋಬರಿ. ಈ ಹೊಲಾ ನಿಮಗ ಯಾಕ ಕೊಟ್ಟೇವು ಗೊತ್ತೈತೇನು? ಈಕಿ ಇಲ್ಲಿ ಮಲಗ್ಯಾಳಂತ. ಈಕಿನ್ನ ಹೊರಗ ಹಾಕಿ ನೀವೇ ಒಳಗ ಸೇರೀರಿ."

ಯೋಹಾನಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದ. ಅಪ್ಪ ಆ ಎರಡು ಗೋರಿಗಳ ನಡುವೆ ಕುಳಿತು, ಒಂದು ಕೈ ಕಲ್ಲಿನ ಮೇಲೆ, ಒಂದು ಕೈ ತಾತನ ಮಣ್ಣಿನ ಮೇಲೆ ಇಟ್ಟು ದೊಡ್ಡ ದನಿಯಲ್ಲಿ ಅತ್ತ. "ನೋಡಪಾ, ನಿನ್ನ ನಿಮ್ಮವ್ವನ ಮಗ್ಗಲಕ್ಕ ಮಲಗಿಸ್ಯಾರ, ನನಗ ತಿಳೀಲೇ ಇಲ್ಲ" ಎಂದು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೇಲಿ ಹಾಕುವ ದಿನ. ಬೆಳಗಾಗುವಷ್ಟರಲ್ಲಿ ಯೋಹಾನಪ್ಪ ಒಬ್ಬನೇ ಬಂದು ಹಳೆಯ ಬೇಲಿಯ ಗೂಟ ಕೀಳುತ್ತಿದ್ದ. ಅಪ್ಪ ಹೋಗಿ ಎದುರು ನಿಂತ.

"ದೇವಪುತ್ರಾ, ನಮ್ಮ ರೂಲು ನಮ್ಮ ಕಣ್ಣು ಕಟ್ಟಿತಪಾ" ಎಂದ ಯೋಹಾನಪ್ಪ. "ಎಲ್ಲಿ ಹುಗೀಲಿ ಗೂಟ? ನೀನ ತೋರಸು."

ಅಪ್ಪ ತಾತನ ಗೋರಿಯ ಆಚೆ, ಸಾರಮ್ಮನ ಕಲ್ಲಿನ ಆಚೆ, ಧಾರಾಳವಾಗಿ ಹೆಜ್ಜೆ ಇಟ್ಟು ನಡೆದು, ಹಿಮ್ಮಡಿಯಿಂದ ಒತ್ತಿ ಗುರುತು ಮಾಡಿದ. ಆ ದಿನ ನಮ್ಮ ಓಣಿಯ ಒಬ್ಬ ಗಂಡಸೂ ಮನೆಯಲ್ಲಿರಲಿಲ್ಲ. ಹಳೆಯ ಮೆಳೆಯನ್ನೆಲ್ಲ ಬೇರುಸಮೇತ ಕಿತ್ತು ಸುಟ್ಟರು. ಹೆಂಗಸರು ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಹೊತ್ತು ತಂದರು. ಅಜ್ಜಿ ಸಾರಮ್ಮನ ಕಲ್ಲಿಗೂ ತಾತನ ಗೋರಿಗೂ ಮೂರು ಮೂರು ಸಲ ಸುಣ್ಣ ಬಳಿದಳು. ಉಳಿದ ಸುಣ್ಣ ಹಿಡಿದು ನಡುವಿನ ದೊಡ್ಡ ಗೋರಿಯ ಕಡೆ ಹೊರಟಾಗ ಅವ್ವ ಕೇಳಿದಳು, ಅದಕ್ಕ ಯಾಕ ಅತ್ತಿ ಇನ್ನ?

"ಇರ್ಲಿ ಬಿಡವ್ವ. ನನ್ನ ಕಷ್ಟಾ ಎಲ್ಲಾ ಕೇಳ್ಯಾನ, ಒಂದಿನಾ ಮಂದಿಗೆ ಹೇಳಿಲ್ಲ" ಎಂದಳು ಅಜ್ಜಿ.

ಈಸ್ಟರಿನ ನಸುಕಿನಲ್ಲಿ ಮೇಣದ ಬತ್ತಿ ಹಿಡಿದು ಹೊರಟ ಮೆರವಣಿಗೆಯಲ್ಲಿ ಅಪ್ಪ ಎಲ್ಲರಿಗಿಂತ ಮುಂದಿದ್ದ. ನನಗೆ ಸಿಂಧನೂರಿನಿಂದ ತಂದ ಬಿಳಿ ಫ್ರಾಕು. ಅಯ್ಯನವರು ಗುಡಿಯ ತೊಟ್ಟಿಯನ್ನು ಬಿಟ್ಟು, ಸಾರಮ್ಮನ ಕಲ್ಲಿನ ಹತ್ತಿರವೇ ನಿಂತರು. ಹಿತ್ತಾಳೆಯ ತಂಬಿಗೆಯಲ್ಲಿ ಗೌಡರ ಬೋರಿನ ನೀರು. ಬೇಲಿಯ ಬಾಗಿಲಲ್ಲಿ ನೀಲಮ್ಮಾರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಪೂರ್ವದಲ್ಲಿ ಕೆಂಪು ಮೂಡುತ್ತಿತ್ತು.

"ಈ ಮಗುವಿನ ತಂದೆಯಾದ ನೀನು ಕ್ರಿಸ್ತನನ್ನು ನಂಬುತ್ತೀಯಾ?" ಎಂದು ಅಯ್ಯನವರು ಕೇಳಿದರು.

ಎಲ್ಲರೂ ಅಪ್ಪನ ಬಾಯಿಯನ್ನೇ ನೋಡಿದರು. ಅಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಸಾರಮ್ಮ ನಂಬಿದ್ದಳಲ್ರೀ ಅಯ್ಯನವರ, ಅಂಗಳದಾಗ ನಿಂತು? ಹಾಂಗ ನಂಬತೀನಿ" ಎಂದ. ಹೊಲದಾಚೆಗೂ ಕೇಳುವಷ್ಟು ಜೋರಾಗಿ. ಪುಸ್ತಕದಲ್ಲಿರುವ ಉತ್ತರ ಅದಲ್ಲ, ಆದರೆ ಅಯ್ಯನವರು ತಿದ್ದಲಿಲ್ಲ.

"ಮಗುವಿನ ಹೆಸರು?"

ನಾನು ಅಪ್ಪನ ಅಂಗಿ ಜಗ್ಗಿ ಸ್ಟೆಲ್ಲಾ, ಸ್ಟೆಲ್ಲಾ ಎಂದು ಪಿಸುಗುಟ್ಟಿದೆ.

"ಸಾರಮ್ಮ" ಎಂದ ಅಪ್ಪ.

ಅಯ್ಯೋ ದೇವರೇ, ಮುದುಕಿ ಹೆಸರು! ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ತಣ್ಣೀರು ನೆತ್ತಿಯ ಮೇಲೆ ಬಿತ್ತು, ಸಭೆಯೆಲ್ಲ ಹಾಡಲು ಶುರುಮಾಡಿತು, ಸೂರ್ಯ ಬಂದೇಬಿಟ್ಟ. ಗ್ರೇಸಿ ಓಡಿಬಂದು ನನ್ನ ಕೈ ಹಿಡಿದಳು. ಅಂದು ನಮ್ಮ ಮನೆಯಲ್ಲಿ ಗೋಧಿ ಹುಗ್ಗಿ, ಮಟನ್ ಸಾರು. ಯೋಹಾನಪ್ಪ ನಮ್ಮ ಪಡಸಾಲೆಯಲ್ಲಿ ಕುಳಿತು ಎರಡೆರಡು ಸಲ ಹಾಕಿಸಿಕೊಂಡು ಉಂಡ.

ಈಗ ನಾನು ಸಿಂಧನೂರಿನಲ್ಲಿ ಮೇಷ್ಟರಮ್ಮ. ಎಲ್ಲರೂ ಸಾರಾ ಮಿಸ್ ಎನ್ನುತ್ತಾರೆ. ನಡುವೆ ಕೆಲವು ವರ್ಷ ನನಗೂ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನವಾಗಿತ್ತು, ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಆಗೆಲ್ಲ ಆ ಅಂಗಳದಲ್ಲಿ ಹಸಿದ ಹೊಟ್ಟೆಯಲ್ಲಿ ನಿಂತು, ಇದ್ದ ಹಾಗೇ ಬರುತ್ತೇನೆ ಎಂದವಳ ನೆನಪಾಗಿ, ನಾನೂ ಇದ್ದ ಹಾಗೇ ಎದ್ದು ಗುಡಿಗೆ ಹೋಗಿದ್ದೇನೆ. ನನ್ನ ನಂಬಿಕೆ ಹಾಗೆ ಮತ್ತೆ ಚಿಗುರಿದೆ.

ಊರಲ್ಲಿ ಮಾತ್ರ ಬಹಳಷ್ಟು ಕಳೆದುಹೋಗಿದೆ. ಅಜ್ಜಿ ಹೋದಳು, ನೀಲಮ್ಮಾರು ಹೋದರು. ಗೋರಿಗಳಿಗೆ ಈಗ ಟೈಲ್ಸು, ಬಣ್ಣ ಹಚ್ಚಲು ಲಿಂಗಸುಗೂರಿನಿಂದ ಕೂಲಿಯವರು. ಸುಣ್ಣಕ್ಕೆ ಬಿರಿದ ಅಂಗೈ ಒಂದೂ ಕಾಣುವುದಿಲ್ಲ. ಈಸ್ಟರ್ ಬೆಳಗ್ಗೆ ಮೊಬೈಲಿನ ಬೆಳಕಲ್ಲಿ ಬಂದು ಫೋಟೋ ತೆಗೆದು ಹೋಗುತ್ತೇವೆ. ಎಲ್ಲಕ್ಕಿಂತ ಹೆಚ್ಚು ನೋವೆಂದರೆ, ಲಿಂಗದ ಮೇಲೆ ಕೈಯಿಟ್ಟು ಯೇಸುವಿನ ಮಗಳೊಬ್ಬಳ ಪರವಾಗಿ ಸಾಕ್ಷಿ ಹೇಳುವ ಹಿರಿಯರು ಈಗ ಯಾವ ಓಣಿಯಲ್ಲೂ ಸಿಗುವುದು ಕಷ್ಟ. ಬೇವಿನ ಮರದಡಿ ಕುಳಿತು ಯಾರ ಗೋರಿ ಬೇ ಎಂದು ಕೇಳುವವರೂ ಇಲ್ಲ.

ಹೋದ ವರ್ಷ ಮುಳ್ಳುಬೇಲಿ ತೆಗೆದು ಕಾಂಪೌಂಡು ಕಟ್ಟಿಸಲು ಸಭೆಯವರು ತೀರ್ಮಾನಿಸಿದರು. ಗುತ್ತಿಗೆದಾರ ದಾರ ಹಿಡಿದು ನೋಡಿ, ಆ ಮೂಲೆಯಲ್ಲಿ ಮಾತ್ರ ಗೋಡೆ ಹೊರಗೆ ಉಬ್ಬುತ್ತದೆ, ಎರಡು ಗೋರಿ ಬಿಟ್ಟರೆ ನೆಟ್ಟಗಾಗುತ್ತದೆ ಎಂದ. ಸಭೆಯ ಹೊಸ ಹುಡುಗರು ಆಗಲಿ ಎಂದು ತಲೆಯಾಡಿಸುತ್ತಿದ್ದರು. ನಮ್ಮಪ್ಪನಿಗೆ ಈಗ ತಲೆಯೆಲ್ಲ ನೆರೆತು ಮಂಡಿ ನೋವು. ಅವನು ನಿಧಾನಕ್ಕೆ ನಡೆದು ಬಂದು, ಗುತ್ತಿಗೆದಾರನ ಕೈಯಿಂದ ದಾರದ ತುದಿ ತೆಗೆದುಕೊಂಡು, ಸಾರಮ್ಮನ ಕಲ್ಲಿನಾಚೆ ಹೋಗಿ ನಿಂತ.

"ನೆಟ್ಟಗ ಆಗೂದು ಬ್ಯಾಡಪಾ" ಎಂದ. "ಅಳತಿ ಇಲ್ಲಿಂದ ಶುರು ಮಾಡು."